ಕಾಸಿಲ್ಲದೆ ನಿಮ್ಮದೇ ರೇಸ್ ಟ್ರ್ಯಾಕ್ ಕಟ್ಟಿ: ಟ್ರ್ಯಾಕ್‌ಮೇನಿಯಾ ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ರೇಸಿಂಗ್ ಆಟದಲ್ಲಿ ಸ್ವಲ್ಪ ಪಳಗಿದ ಮೇಲೆ ಕೈ ತುರಿಸಲು ಶುರುವಾಗುತ್ತದೆ. ಈ ತಿರುವು ಇನ್ನಷ್ಟು ಅಗಲವಿದ್ದಿದ್ದರೆ, ಈ ಜಿಗಿತದ ಬೆನ್ನಿಗೇ ಒಂದು ಲೂಪ್ ಬಂದಿದ್ದರೆ ಎಂದು ಅನ್ನಿಸತೊಡಗುತ್ತದೆ. ಆ ಆಸೆ ತೀರಿಸಿಕೊಳ್ಳಲು ದುಬಾರಿ ಕಂಪ್ಯೂಟರ್ ಬೇಕಿಲ್ಲ, ಸಾವಿರಾರು ರೂಪಾಯಿಯ ಆಟವೂ ಬೇಕಿಲ್ಲ. ಫ್ರಾನ್ಸ್‌ನ ನಾಡಿಯೊ ಸಂಸ್ಥೆ 2008ರಲ್ಲಿ ಹೊರತಂದ ‘ಟ್ರ್ಯಾಕ್‌ಮೇನಿಯಾ ನೇಷನ್ಸ್ ಫಾರೆವರ್’ ಇಂದಿಗೂ ಪೂರ್ತಿ ಉಚಿತ. ಗೋಡೆಯ ಮೇಲೆ ಓಡುವ, ತಲೆಕೆಳಗಾಗಿ ಲೂಪ್ ಸುತ್ತುವ, ಬೂಸ್ಟರ್ ತಾಗಿದೊಡನೆ ಚಿಮ್ಮುವ ಕಾರು ಅದರಲ್ಲಿದೆ. ಜೊತೆಗೆ ಟ್ರ್ಯಾಕ್ ಕಟ್ಟುವ ಎಡಿಟರ್ ಕೂಡ ಇದೆ. ಈ ಬರಹ ಮುಖ್ಯವಾಗಿ ಆ ಎಡಿಟರ್ ಕುರಿತದ್ದು.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಮುಂದಿನ ಒಂದು ಸೆಕೆಂಡಿನಲ್ಲಿ ಓಡಿಸುವವರ ಕಣ್ಣಿಗೆ ಏನು ಬೀಳುತ್ತದೆ ಎಂಬುದರಲ್ಲೇ ಟ್ರ್ಯಾಕಿನ ಜೀವವಿದೆ. ಲೂಪ್ ಎಷ್ಟು, ಬೂಸ್ಟರ್ ಎಷ್ಟು, ಗೋಪುರ ಎಷ್ಟು ಎತ್ತರ ಎಂಬುದೆಲ್ಲ ಅದರ ನಂತರದ ಮಾತು. ಕೆಳಗಿನ ಹಂತಗಳೆಲ್ಲ ಈ ಒಂದು ಮಾತಿನ ಸುತ್ತಲೇ ತಿರುಗುತ್ತವೆ.

ಯಾವ ಆಟ, ಎಷ್ಟು ಖರ್ಚು

ನೇಷನ್ಸ್ ಫಾರೆವರ್ ಅನ್ನು ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಸ್ಟೇಡಿಯಂ ಎಂಬ ಒಂದೇ ಪರಿಸರ, ಒಂದೇ ಬಗೆಯ ಕಾರು. ಒಂದೇ ಕಾರು ಎಂಬುದನ್ನು ಕೊರತೆ ಎಂದು ಭಾವಿಸಬೇಡಿ. ಹಣ ಕೊಟ್ಟು ಎಂಜಿನ್ ಕೊಳ್ಳುವ ಪ್ರಶ್ನೆಯೇ ಇಲ್ಲದ್ದರಿಂದ ಗೆಲುವು ಸೋಲು ಎರಡೂ ಓಡಿಸುವ ಕೈಯದ್ದು. ಟ್ರ್ಯಾಕ್ ಕಟ್ಟುವವರಿಗಂತೂ ಇದು ವರ. ಒಂದೇ ಕಾರಿನ ಗುಣ ತಿಳಿದುಕೊಂಡರೆ ಸಾಕು.

ಅದೇ ಸಂಸ್ಥೆಯ ಹೊಸ ‘ಟ್ರ್ಯಾಕ್‌ಮೇನಿಯಾ’ 2020ರ ಜುಲೈ 1ರಂದು ಬಂತು, 2023ರಲ್ಲಿ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಿಗೂ ಬಂತು. ಇದನ್ನೂ ಉಚಿತವಾಗಿ ಶುರು ಮಾಡಬಹುದು, ಆದರೆ ಎಲ್ಲ ಸೌಲಭ್ಯ ಬೇಕೆಂದರೆ ಚಂದಾ ಕಟ್ಟಬೇಕು. ಚಂದಾ ಹಂತಗಳಲ್ಲಿ ಏನೇನು ಸಿಗುತ್ತದೆ ಎಂಬುದು ಕಾಲಕಾಲಕ್ಕೆ ಬದಲಾಗಿದೆ. ಹಾಗಾಗಿ ಹಣ ಕಟ್ಟುವ ಮೊದಲು ಪೂರ್ಣ ಎಡಿಟರ್ ಯಾವ ಹಂತದಲ್ಲಿದೆ ಎಂದು ಅಂಗಡಿಯ ಪುಟದಲ್ಲಿ ಓದಿಕೊಳ್ಳಿ. ಉಚಿತದಲ್ಲಿ ಕಲಿತು, ನಾಲ್ಕಾರು ಟ್ರ್ಯಾಕ್ ಕಟ್ಟಿದ ಮೇಲೂ ಆಸೆ ತಣಿಯದಿದ್ದರೆ ಆಗ ಚಂದಾ ಕಟ್ಟುವುದು ಜಾಣತನ.

ಕಂಪ್ಯೂಟರ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 2008ರ ಕಾಲದ ಯಂತ್ರಗಳನ್ನು ಗಮನದಲ್ಲಿಟ್ಟು ಮಾಡಿದ ಆಟವಿದು, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಓಡಿಸಲು ಸಾಮಾನ್ಯ ಕೀಬೋರ್ಡ್ ಸಾಕು. ಎಡಿಟರ್‌ಗೆ ಮಾತ್ರ ಮೌಸ್ ಇಟ್ಟುಕೊಳ್ಳಿ. ಟಚ್‌ಪ್ಯಾಡ್‌ನಲ್ಲಿ ಬ್ಲಾಕ್ (ಟ್ರ್ಯಾಕ್ ಕಟ್ಟುವ ತುಂಡು) ಜೋಡಿಸಲು ಹೊರಟರೆ ತಾಳ್ಮೆ ಬೇಗ ಕೆಡುತ್ತದೆ.

ಹಂತ 1: ಕಟ್ಟುವ ಮೊದಲು ಓಡಿಸಿ

ಆಟದ ಜೊತೆಗೆ 65 ಅಧಿಕೃತ ಟ್ರ್ಯಾಕ್‌ಗಳಿವೆ. ಎ01ರಿಂದ ಇ05ರವರೆಗೆ, ಬಿಳಿ, ಹಸಿರು, ನೀಲಿ, ಕೆಂಪು, ಕಪ್ಪು ಎಂಬ ಐದು ಗುಂಪುಗಳಲ್ಲಿ ಕಷ್ಟ ಏರುತ್ತಾ ಹೋಗುತ್ತದೆ. ಕನಿಷ್ಠ ಬಿಳಿ ಮತ್ತು ಹಸಿರು ಗುಂಪುಗಳನ್ನು ಮುಗಿಸಿ. ಮೊದಲ ಸಲ ಸುಮ್ಮನೆ ಓಡಿಸಿ, ಎರಡನೇ ಸಲ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಾ ಓಡಿಸಿ: ಈ ತಿರುವು ನನಗೆ ಮೊದಲು ಕಂಡದ್ದು ಯಾವಾಗ?

ಎ01 ಅರ್ಧ ನಿಮಿಷದೊಳಗೆ ಮುಗಿಯುವ ಪುಟ್ಟ ಟ್ರ್ಯಾಕ್. ಅದನ್ನು ಲಕ್ಷಾಂತರ ಜನ ವರ್ಷಗಟ್ಟಲೆ ಓಡಿಸಿದ್ದಾರೆ, ಇನ್ನೂ ಓಡಿಸುತ್ತಿದ್ದಾರೆ. ದಾರಿ ಗೊತ್ತಾಗುವುದು ಮೊದಲ ಓಟದಲ್ಲೇ, ಆದರೆ ಸೆಕೆಂಡಿನ ನೂರನೇ ಭಾಗಕ್ಕಾಗಿ ನಡೆಯುವ ಪೈಪೋಟಿ ಮುಗಿಯುವುದೇ ಇಲ್ಲ. ಚಿಕ್ಕದು, ಸ್ಪಷ್ಟವಾದದ್ದು, ಮತ್ತೆ ಮತ್ತೆ ಓಡಿಸಬೇಕೆನಿಸುವಂಥದ್ದು. ನಿಮ್ಮ ಮೊದಲ ಟ್ರ್ಯಾಕಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ.

ಹಂತ 2: ಕಾಗದ ಮತ್ತು ಲೆಕ್ಕ

ಹೊಸಬರು ಎಡಿಟರ್ ತೆರೆದೊಡನೆ ಇಡೀ ಮೈದಾನ ತುಂಬಲು ಹೊರಡುತ್ತಾರೆ. ಹೀಗೆ ಹುಟ್ಟಿದ ಐದು ನಿಮಿಷದ ಟ್ರ್ಯಾಕ್‌ಗಳನ್ನು ಕಟ್ಟಿದವರೂ ಎರಡನೇ ಸಲ ಓಡಿಸುವುದಿಲ್ಲ. ಮೊದಲ ಟ್ರ್ಯಾಕ್ 30 ಸೆಕೆಂಡಿನದ್ದಾಗಿರಲಿ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಸ್ಟೇಡಿಯಂನ ಒಂದು ಬ್ಲಾಕ್ 32 ಮೀಟರ್ ಉದ್ದ, 32 ಮೀಟರ್ ಅಗಲ, ಎತ್ತರದ ಒಂದು ಮೆಟ್ಟಿಲು 8 ಮೀಟರ್. ಮೈದಾನ ಉದ್ದಕ್ಕೂ ಅಗಲಕ್ಕೂ 32 ಬ್ಲಾಕ್, ಅಂದರೆ ಒಂದು ಬದಿಗೆ ಸರಿಸುಮಾರು ಒಂದು ಕಿಲೋಮೀಟರ್. ಸರಾಸರಿ ವೇಗ ಗಂಟೆಗೆ 250 ಕಿಲೋಮೀಟರ್ ಎಂದಿಟ್ಟುಕೊಂಡರೆ ಕಾರು ಸೆಕೆಂಡಿಗೆ ಸುಮಾರು 70 ಮೀಟರ್ ಕ್ರಮಿಸುತ್ತದೆ, 30 ಸೆಕೆಂಡಿಗೆ 2,100 ಮೀಟರ್. ಹಾಗಾದರೆ ನಿಮಗೆ ಬೇಕಾದದ್ದು ಸುಮಾರು 65 ಬ್ಲಾಕ್ ಉದ್ದದ ದಾರಿ, ಅಷ್ಟೇ. ಚೌಕುಳಿ ಕಾಗದದ ಮೇಲೆ ಒಂದು ಚೌಕಕ್ಕೆ ಒಂದು ಬ್ಲಾಕ್ ಎಂದು ಗೆರೆ ಎಳೆದರೆ ಇಡೀ ಟ್ರ್ಯಾಕ್ ಅರ್ಧ ಪುಟದಲ್ಲಿ ಮುಗಿಯುತ್ತದೆ.

ಇದೇ ಲೆಕ್ಕದಿಂದ ಇನ್ನೊಂದು ಸತ್ಯ ಹೊರಬೀಳುತ್ತದೆ, ನನಗೆ ಇದೇ ಮುಖ್ಯ. ಗಂಟೆಗೆ 360 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ ಸರಿಯಾಗಿ 100 ಮೀಟರ್ ಓಡುತ್ತದೆ. ಅಂದರೆ ಒಂದು ಸೆಕೆಂಡಿಗೆ ಮೂರು ಬ್ಲಾಕ್ ದಾಟಿ ಹೋಗುತ್ತದೆ. ತಿರುವು ಒಂದು ಬ್ಲಾಕ್ ದೂರದಲ್ಲಿ ಕಂಡರೆ ಓಡಿಸುವವರಿಗೆ ಸಿಗುವುದು ಸೆಕೆಂಡಿನ ಮೂರನೇ ಒಂದು ಭಾಗ. ಕಂಡು, ಅರ್ಥ ಮಾಡಿಕೊಂಡು, ಬೆರಳು ಒತ್ತಲು ಅದು ಸಾಲದು. ಆದ್ದರಿಂದ ವೇಗ 300 ದಾಟುವ ಕಡೆ ಮುಂದಿನ ತಿರುವು ಕನಿಷ್ಠ ಮೂರು ನಾಲ್ಕು ಬ್ಲಾಕ್ ಮೊದಲೇ ಕಾಣುವಂತೆ ಕಟ್ಟಬೇಕು. ವೇಗ 150ರ ಆಸುಪಾಸಿನಲ್ಲಿದ್ದರೆ ಎರಡು ಬ್ಲಾಕ್ ಸಾಕು. ಕಾಗದದ ಮೇಲಿನ ಪ್ರತಿ ತಿರುವಿನ ಪಕ್ಕದಲ್ಲೂ ಅಂದಾಜು ವೇಗ ಬರೆದುಕೊಳ್ಳಿ. ಎಷ್ಟು ಬ್ಲಾಕ್ ಹಿಂದಿನಿಂದ ಕಾಣಬೇಕು ಎಂಬುದು ತಾನೇ ತಿಳಿಯುತ್ತದೆ.

ಹಂತ 3: ಎಡಿಟರ್ ಒಳಗೆ

ಮುಖ್ಯ ಪರದೆಯಿಂದ ಎಡಿಟರ್ ವಿಭಾಗಕ್ಕೆ ಹೋಗಿ ಹೊಸ ಟ್ರ್ಯಾಕ್ ಆರಿಸಿ. ಬೆಳಗ್ಗೆ, ಹಗಲು, ಸಂಜೆ, ರಾತ್ರಿ ಎಂಬ ನಾಲ್ಕು ಹೊತ್ತುಗಳಲ್ಲಿ ಒಂದನ್ನು ಕೇಳುತ್ತದೆ. ಮೊದಲ ಟ್ರ್ಯಾಕಿಗೆ ಹಗಲೇ ಇರಲಿ. ರಾತ್ರಿಯ ದೀಪಗಳು ಚಂದ ಕಾಣುತ್ತವೆ ನಿಜ, ಆದರೆ ರಾತ್ರಿಯಲ್ಲಿ ದೂರದ ತಿರುವು ಕಾಣಿಸುವುದು ಬೇರೆಯೇ ವಿದ್ಯೆ.

ಎಡಗುಂಡಿ ಒತ್ತಿದರೆ ಬ್ಲಾಕ್ ಕೂರುತ್ತದೆ, ಬಲಗುಂಡಿ ಒತ್ತಿದರೆ ತಿರುಗುತ್ತದೆ. ಕೆಳಗಿನ ಪಟ್ಟಿಯಲ್ಲಿ ಡಾಂಬರು ರಸ್ತೆ, ಮಣ್ಣಿನ ರಸ್ತೆ, ಅಗಲವಾದ ವೇದಿಕೆಗಳು, ಲೂಪ್, ಗೋಡೆ ಎಲ್ಲ ಗುಂಪುಗುಂಪಾಗಿ ಇವೆ. ಮೊದಲ ಟ್ರ್ಯಾಕನ್ನು ಡಾಂಬರು ರಸ್ತೆ ಮತ್ತು ಒಂದೆರಡು ಬೂಸ್ಟರ್‌ಗಳಲ್ಲೇ ಮುಗಿಸಿ. ಮಣ್ಣಿನ ಮೇಲೆ ಕಾರು ಜಾರುತ್ತದೆ, ಅದರ ತಿರುವುಗಳ ಅಳತೆಯೇ ಬೇರೆ. ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ಯಾವುದೂ ಕೈಗೆ ಹತ್ತುವುದಿಲ್ಲ.

ಆರಂಭದ ಬ್ಲಾಕ್ ಇಡಿ, ಅದರ ಮುಂದೆ ಐದಾರು ಬ್ಲಾಕ್ ನೇರ ರಸ್ತೆ, ಒಂದು ಅಗಲ ತಿರುವು. ಅಲ್ಲಿಗೆ ನಿಲ್ಲಿಸಿ, ಓಡಿಸಿ ನೋಡಿ. ಎಡಿಟರ್‌ನಲ್ಲಿ ಪರೀಕ್ಷೆಯ ಸೌಲಭ್ಯವಿದೆ, ಕಾರನ್ನು ಮೈದಾನದ ಯಾವ ಜಾಗದಲ್ಲಾದರೂ ಇಟ್ಟು ಓಡಿಸಬಹುದು. ಆದರೆ ಆ ಅನುಕೂಲ ಒಮ್ಮೊಮ್ಮೆ ಮೋಸ ಮಾಡುತ್ತದೆ. ನಡುವೆ ಇಟ್ಟ ಕಾರಿಗೆ ಹಿಂದಿನ ದಾರಿಯಿಂದ ಬಂದ ವೇಗ ಇರುವುದಿಲ್ಲ, ಅದರಿಂದ ತಿರುವು ಸಲೀಸಾಗಿ ಕಂಡೀತು. ಎರಡು ಮೂರು ಬ್ಲಾಕ್ ಸೇರಿಸಿದಾಗಲೆಲ್ಲ ಆರಂಭದಿಂದಲೇ ಒಮ್ಮೆ ಓಡಿಸಿ, ಆ ಜಾಗಕ್ಕೆ ಬಂದಾಗ ವೇಗ ಎಷ್ಟಿದೆ ಎಂದು ನೋಡಿ, ಕಾಗದದ ಅಂದಾಜನ್ನು ತಿದ್ದಿಕೊಳ್ಳಿ.

ತಿರುವು ಎರಡು ಬಗೆಯದ್ದು: ಆಕ್ಸಲರೇಟರ್ ಬಿಡದೆ ದಾಟುವಂಥದ್ದು, ಬ್ರೇಕ್ ಮುಟ್ಟಿಯೇ ದಾಟಬೇಕಾದದ್ದು. ಸ್ಟೇಡಿಯಂ ಕಾರು ವೇಗದಲ್ಲಿ ತಿರುಗುವಾಗ ಬ್ರೇಕ್ ತುಸು ಮುಟ್ಟಿದರೆ ಹಿಂಬದಿ ಜಾರಿ ಡ್ರಿಫ್ಟ್ ಆಗುತ್ತದೆ. ಆಟದ ಅರ್ಧ ರುಚಿ ಇರುವುದೇ ಅಲ್ಲಿ. 30 ಸೆಕೆಂಡಿನ ಟ್ರ್ಯಾಕಿನಲ್ಲಿ ಬ್ರೇಕ್ ಬೇಡುವ ಎರಡು ಮೂರು ತಿರುವುಗಳು ಸಾಕು, ಅವುಗಳ ನಡುವೆ ಉಸಿರಾಡಲು ನೇರ ದಾರಿ ಇರಲಿ.

ಹಂತ 4: ಜಿಗಿತ, ಲೂಪ್, ಬೂಸ್ಟರ್

ಜಿಗಿತ ಕಟ್ಟುವಾಗ ಕಣ್ಣು ಹಾರುವ ಜಾಗದ ಮೇಲಿರುತ್ತದೆ, ಕಷ್ಟ ಇರುವುದು ಇಳಿಯುವ ಜಾಗದಲ್ಲಿ. ಸಮತಟ್ಟಾದ ನೆಲದ ಮೇಲೆ ಎತ್ತರದಿಂದ ಬಿದ್ದ ಕಾರು ಪುಟಿದು ದಿಕ್ಕು ತಪ್ಪುತ್ತದೆ. ಇಳಿಜಾರಿನ ಮೇಲೆ ಇಳಿದದ್ದು ವೇಗ ಉಳಿಸಿಕೊಂಡು ಮುಂದೆ ಸಾಗುತ್ತದೆ. ಇಳಿಯುವ ಕಡೆ ಇಳಿಜಾರು ಕೊಡಿ, ರಸ್ತೆಗಿಂತ ಅಗಲವಾದ ವೇದಿಕೆ ಕೊಡಿ. ಕಟ್ಟಿದ ಮೇಲೆ ಮೂರು ರೀತಿಯಲ್ಲಿ ಹಾರಿಸಿ ನೋಡಿ: ನಿಮ್ಮ ಸಾಮಾನ್ಯ ವೇಗದಲ್ಲಿ, ಹಿಂದಿನ ತಿರುವನ್ನು ಬೇಕೆಂದೇ ಕೆಡಿಸಿಕೊಂಡು ನಿಧಾನವಾಗಿ, ಮತ್ತು ನಿಮಗೆ ಸಾಧ್ಯವಾದ ಅತಿ ವೇಗದಲ್ಲಿ. ಮೂರರಲ್ಲೂ ಕಾರು ವೇದಿಕೆಯ ಮೇಲೆಯೇ ಇಳಿಯಬೇಕು. ನಿಮಗಿಂತ ಚೆನ್ನಾಗಿ ಓಡಿಸುವವರು ಬಂದೇ ಬರುತ್ತಾರೆ, ಅವರ ಕಾರು ವೇದಿಕೆ ದಾಟಿ ಹೊರಗೆ ಬಿದ್ದರೆ ಒಳ್ಳೆಯ ಓಟಕ್ಕೆ ಶಿಕ್ಷೆ ಕೊಟ್ಟಂತಾಗುತ್ತದೆ. ಗಾಳಿಯಲ್ಲಿ ಬ್ರೇಕ್ ತಟ್ಟಿದರೆ ಕಾರಿನ ಉರುಳಾಟ ನಿಲ್ಲುತ್ತದೆ ಎಂಬುದು ಪಳಗಿದವರಿಗೆ ಗೊತ್ತು. ಹೊಸಬರಿಗೆ ಗೊತ್ತಿರುವುದಿಲ್ಲ ಎಂಬುದು ಟ್ರ್ಯಾಕ್ ಕಟ್ಟುವವರಿಗೆ ನೆನಪಿರಬೇಕು.

ಲೂಪ್‌ಗೆ ವೇಗ ಬೇಕು, ಸಾಲದಿದ್ದರೆ ಕಾರು ಮೇಲಿನಿಂದ ಕೆಳಗೆ ಬೀಳುತ್ತದೆ. ಹಾಗೆಂದು ಕಂಡಕಂಡಲ್ಲಿ ಬೂಸ್ಟರ್ ಹಾಕಬೇಡಿ. ಪಾಯಸಕ್ಕೆ ಏಲಕ್ಕಿ ಹಾಕುವಷ್ಟು ಸಾಕು. ಬೂಸ್ಟರ್ ಆದ ಮೇಲಿನ ದಾರಿ ಸೆಕೆಂಡಿಗೆ ಮೂರು ಬ್ಲಾಕ್‌ಗಿಂತಲೂ ಹೆಚ್ಚು ವೇಗದಲ್ಲಿ ಹಿಂದೆ ಸರಿಯುತ್ತದೆ, ಆದ್ದರಿಂದ ಬೂಸ್ಟರ್ ಇಟ್ಟ ಕಡೆಯೆಲ್ಲ ಮುಂದಿನ ನೋಟವನ್ನು ಇನ್ನಷ್ಟು ತೆರೆಯಬೇಕು.

ಹಂತ 5: ಚೆಕ್‌ಪಾಯಿಂಟ್

ಟ್ರ್ಯಾಕ್‌ನ ಒಳ್ಳೆಯತನ ಗೊತ್ತಾಗುವುದು ಇಲ್ಲಿ. ಚೆಕ್‌ಪಾಯಿಂಟ್ ಎಂದರೆ ದಾರಿಯ ನಡುವೆ ದಾಟಲೇಬೇಕಾದ ಗುರುತಿನ ಬ್ಲಾಕ್. ಆಟಗಾರರು ದಾರಿ ತಪ್ಪಿ ಬಿದ್ದಾಗ ಎಂಟರ್ ಒತ್ತಿದರೆ ಕೊನೆಯ ಚೆಕ್‌ಪಾಯಿಂಟ್‌ಗೆ ಮರಳುತ್ತಾರೆ. ನೇಷನ್ಸ್ ಫಾರೆವರ್‌ನಲ್ಲಿ ಹಾಗೆ ಮರಳಿದ ಕಾರು ನಿಂತ ಸ್ಥಿತಿಯಲ್ಲಿರುತ್ತದೆ, ವೇಗ ಸೊನ್ನೆ. ಇದರ ಪರಿಣಾಮ ಏನೆಂದು ಒಂದು ಉದಾಹರಣೆಯಲ್ಲಿ ನೋಡಿ. ದೀರ್ಘ ಇಳಿಜಾರು, ಆಮೇಲೆ ಚೆಕ್‌ಪಾಯಿಂಟ್, ಅದರ ಮುಂದಿನ ಬ್ಲಾಕಿನಲ್ಲೇ ಲೂಪ್. ಇಳಿಜಾರಿನಿಂದ ಬಂದವರು ಸಲೀಸಾಗಿ ಲೂಪ್ ಸುತ್ತುತ್ತಾರೆ. ಲೂಪ್‌ನಲ್ಲಿ ಒಮ್ಮೆ ತಪ್ಪಿದವರು ಎಂಟರ್ ಒತ್ತಿ ಲೂಪ್‌ನ ಬುಡದಲ್ಲಿ ನಿಂತುಬಿಡುತ್ತಾರೆ. ಎಷ್ಟು ಗುದ್ದಾಡಿದರೂ ಕಾರು ಅರ್ಧಕ್ಕೆ ಏರಿ ಜಾರಿ ಬೀಳುತ್ತದೆ. ಅವರಿಗೆ ಉಳಿಯುವ ದಾರಿ ಒಂದೇ, ಡಿಲೀಟ್ ಒತ್ತಿ ಮೊದಲಿನಿಂದ ಶುರು ಮಾಡುವುದು. ಬಹಳ ಮಂದಿ ಆ ಹೊತ್ತಿಗೆ ಟ್ರ್ಯಾಕನ್ನೇ ಬಿಟ್ಟು ಹೋಗುತ್ತಾರೆ.

ಪರಿಹಾರ ಮೂರಿವೆ. ಚೆಕ್‌ಪಾಯಿಂಟನ್ನು ಲೂಪ್ ಆದ ಮೇಲೆ ಇಡಬಹುದು. ಇಳಿಜಾರಿನ ಮೇಲ್ತುದಿಗೆ ಸರಿಸಬಹುದು. ಇಲ್ಲವೇ ಚೆಕ್‌ಪಾಯಿಂಟ್ ಮತ್ತು ಲೂಪ್ ನಡುವೆ ಒಂದು ಬೂಸ್ಟರ್ ಇಟ್ಟು, ನಿಂತ ಕಾರಿಗೂ ಸಾಕಾಗುವಷ್ಟು ವೇಗ ಕೊಡಬಹುದು. ನಾನು ಎರಡನೆಯದನ್ನು ಮೆಚ್ಚುತ್ತೇನೆ. ಅದರಲ್ಲಿ ಓಟದ ಲಯ ಕೆಡುವುದಿಲ್ಲ, ಬಿದ್ದವರಿಗೂ ಇಳಿಜಾರಿನ ಸಂತೋಷ ಮತ್ತೊಮ್ಮೆ ಸಿಗುತ್ತದೆ.

ನಿಯಮ ಸರಳ: ಪ್ರತಿ ಚೆಕ್‌ಪಾಯಿಂಟ್‌ನಲ್ಲೂ ಬೇಕೆಂದೇ ಎಂಟರ್ ಒತ್ತಿ, ನಿಂತಲ್ಲಿಂದ ಕೊನೆ ಮುಟ್ಟಲು ಸಾಧ್ಯವೇ ಎಂದು ನೋಡಿ. ಒಂದೇ ಒಂದು ಕಡೆ ಆಗದಿದ್ದರೂ ತಿದ್ದದೆ ಮುಂದೆ ಹೋಗಬೇಡಿ. ಹತ್ತು ಸೆಕೆಂಡಿಗೊಂದು ಚೆಕ್‌ಪಾಯಿಂಟ್ ಇದ್ದರೆ ಹದವಾಗಿರುತ್ತದೆ.

ಚೆಕ್‌ಪಾಯಿಂಟ್‌ಗೆ ಇನ್ನೊಂದು ಕೆಲಸವೂ ಇದೆ, ಅಡ್ಡದಾರಿ ಮುಚ್ಚುವುದು. ಎಲ್ಲ ಚೆಕ್‌ಪಾಯಿಂಟ್ ದಾಟದೆ ಗುರಿಯ ಬ್ಲಾಕ್ ಓಟವನ್ನು ಮುಗಿಸುವುದಿಲ್ಲ. ಟ್ರ್ಯಾಕ್ ತನ್ನನ್ನೇ ಅಡ್ಡ ಹಾಯುವ, ಅಥವಾ ಹುಲ್ಲಿನ ಮೇಲೆ ನುಗ್ಗಿ ಸುತ್ತು ತಪ್ಪಿಸಬಹುದಾದ ಜಾಗಗಳನ್ನು ಮೇಲಿನಿಂದ ಕ್ಯಾಮೆರಾ ತಿರುಗಿಸಿ ಹುಡುಕಿ. ಅಲ್ಲಿ ಸುತ್ತಿನ ಆಚೆ ತುದಿಗೆ ಚೆಕ್‌ಪಾಯಿಂಟ್ ಇಟ್ಟರೆ ಅಡ್ಡದಾರಿ ವ್ಯರ್ಥವಾಗುತ್ತದೆ. ಗೋಡೆ ಕಟ್ಟುವುದಕ್ಕಿಂತ ಇದು ಅಂದ.

ಹಂತ 6: ಲೇಖಕನ ಸಮಯ ಮತ್ತು ಪದಕ

ಟ್ರ್ಯಾಕ್ ಸಿದ್ಧವಾದ ಮೇಲೆ ನೀವೇ ಒಮ್ಮೆ ಪೂರ್ತಿ ಓಡಿಸಿ ಮುಗಿಸಬೇಕು, ಇದನ್ನು ಮೌಲ್ಯೀಕರಣ ಎನ್ನಬಹುದು. ಕಟ್ಟಿದವರೇ ಮುಗಿಸಲಾಗದ ಟ್ರ್ಯಾಕ್ ಯಾರ ಕೈಗೂ ಹೋಗಬಾರದು ಎಂಬ ಈ ಏರ್ಪಾಟು ನ್ಯಾಯವಾದದ್ದು. ನಿಮ್ಮ ಸಮಯವೇ ಲೇಖಕನ, ಅಂದರೆ ಟ್ರ್ಯಾಕ್ ಕಟ್ಟಿದವರ, ಪದಕದ ಸಮಯ. ಅದಕ್ಕಿಂತ ಸುಮಾರು ಶೇ. 6ರಷ್ಟು ಹೆಚ್ಚು ಚಿನ್ನಕ್ಕೆ, ಶೇ. 20 ಬೆಳ್ಳಿಗೆ, ಶೇ. 50 ಕಂಚಿಗೆ ಎಂದು ಆಟ ತಾನೇ ಲೆಕ್ಕ ಹಾಕುತ್ತದೆ. ನೀವು 30 ಸೆಕೆಂಡಿನಲ್ಲಿ ಮುಗಿಸಿದರೆ ಚಿನ್ನ 32ರ ಆಸುಪಾಸು, ಬೆಳ್ಳಿ 36, ಕಂಚು 45.

ನೀವು ಬಹಳ ಅಭ್ಯಾಸ ಮಾಡಿ ತೀರ ಒಳ್ಳೆಯ ಸಮಯ ತೆಗೆದರೆ ಚಿನ್ನವೂ ಹೊಸಬರ ಕೈಗೆಟುಕದೆ ಹೋಗುತ್ತದೆ. ಒಂದೇ ಒಂದು ತಪ್ಪಿಲ್ಲದ, ಆದರೆ ಪ್ರಾಣ ಪಣಕ್ಕಿಟ್ಟಂತೆ ಓಡಿಸದ ಓಟವೊಂದನ್ನು ಲೇಖಕನ ಸಮಯವಾಗಿ ಬಿಡುವುದು ಉದಾರತನ.

ಹಂತ 7: ಸೂಚನಾ ಫಲಕ, ನೆರಳು, ಅಲಂಕಾರ

ಕಣ್ಣಿಗೆ ಮೊದಲೇ ಕಾಣದ ತಿರುವು ಇನ್ನೂ ಉಳಿದಿದ್ದರೆ ಬಾಣದ ಫಲಕ ಹಾಕಿ. ಫಲಕ ಕೊನೆಯ ಉಪಾಯ, ರಸ್ತೆಯೇ ದಾರಿ ತೋರಿಸುವಂತಿದ್ದರೆ ಅದೇ ಮೇಲು. ಓಡಿಸುವ ದಾರಿಗೆ ಅಡ್ಡ ಬರುವ, ನೋಟ ತಡೆಯುವ ಅಲಂಕಾರ ಎಷ್ಟು ಚಂದವಿದ್ದರೂ ತೆಗೆದುಹಾಕಿ. ಉಳಿಸುವ ಮೊದಲು ನೆರಳುಗಳನ್ನು ಲೆಕ್ಕ ಹಾಕಿಸಿ. ಹಳೆಯ ಯಂತ್ರದಲ್ಲಿ ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಏರು ತಗ್ಗುಗಳು ಸ್ಪಷ್ಟವಾಗಿ ಕಾಣುವುದು ನೆರಳಿನಿಂದಲೇ. ಆರಂಭದಲ್ಲಿ ಕ್ಯಾಮೆರಾ ಟ್ರ್ಯಾಕ್ ಮೇಲೆ ಸುತ್ತಿಬರುವ ದೃಶ್ಯವನ್ನು ಮೀಡಿಯಾಟ್ರ್ಯಾಕರ್ ಎಂಬ ಸಾಧನದಲ್ಲಿ ಮಾಡಬಹುದು, ಮೊದಲ ಟ್ರ್ಯಾಕಿಗೆ ಅದರ ಅಗತ್ಯ ಇಲ್ಲ.

ಹಂತ 8: ಬೇರೆಯವರ ಕೈಗೆ ಕೊಡಿ

ಟ್ರ್ಯಾಕ್ ಕಡತ ಡಾಕ್ಯುಮೆಂಟ್ಸ್‌ನಲ್ಲಿ ಟ್ರ್ಯಾಕ್‌ಮೇನಿಯಾ ಹೆಸರಿನ ಫೋಲ್ಡರ್‌ನೊಳಗೆ, ಟ್ರ್ಯಾಕ್ಸ್ ಎಂಬಲ್ಲಿ ಕೂರುತ್ತದೆ. ತೀರ ಪುಟ್ಟ ಕಡತ, ಇಮೇಲ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಕೊಡಬಹುದು. ಒಂದೇ ಕಂಪ್ಯೂಟರ್‌ನಲ್ಲಿ ಸರದಿಯ ಮೇಲೆ ಆಡುವ ಹಾಟ್‌ಸೀಟ್ ವ್ಯವಸ್ಥೆಯೂ ಇದೆ, ಹಾಸ್ಟೆಲ್ ಕೋಣೆಗೆ ಹೇಳಿ ಮಾಡಿಸಿದ್ದು.

ಗೆಳೆಯರು ಓಡಿಸುವಾಗ ಬಾಯಿ ಮುಚ್ಚಿಕೊಂಡು ಹಿಂದೆ ನಿಲ್ಲಿ. ‘ಈಗ ಎಡಕ್ಕೆ’ ಎಂದು ಹೇಳಬೇಡಿ. ಮೊದಲ ಓಟದಲ್ಲಿ ಅವರು ಎಲ್ಲಿ ತಡವರಿಸಿದರು, ಎಲ್ಲಿ ಗೋಡೆಗೆ ಹೊಡೆದರು ಎಂದು ಕಾಗದದ ನಕ್ಷೆಯ ಮೇಲೆ ಗುರುತು ಹಾಕಿ. ಒಂದೇ ಜಾಗದಲ್ಲಿ ಇಬ್ಬರು ತಡವರಿಸಿದರೆ ತಪ್ಪು ಟ್ರ್ಯಾಕಿನದ್ದು. ತಿದ್ದಿದ ಮೇಲೆ ಟ್ರ್ಯಾಕ್‌ಮೇನಿಯಾ ಎಕ್ಸ್‌ಚೇಂಜ್ ತಾಣಕ್ಕೆ ಏರಿಸಿ. ಜಗತ್ತಿನ ಆಟಗಾರರು ಕಟ್ಟಿದ ಟ್ರ್ಯಾಕ್‌ಗಳು ಅಲ್ಲಿ ರಾಶಿ ಬಿದ್ದಿವೆ, ಇಳಿಸಿಕೊಂಡು ಎಡಿಟರ್‌ನಲ್ಲಿ ತೆರೆದು ಬ್ಲಾಕ್ ಬ್ಲಾಕ್ ಆಗಿ ಅಧ್ಯಯನ ಮಾಡಬಹುದು. ಅವುಗಳಲ್ಲಿ ‘ಪ್ರೆಸ್ ಫಾರ್ವರ್ಡ್’ ಎಂಬ ಬಗೆಯನ್ನು ಒಮ್ಮೆಯಾದರೂ ನೋಡಿ. ಆಕ್ಸಲರೇಟರ್ ಒಂದನ್ನೇ ಒತ್ತಿ ಹಿಡಿದರೆ ಸಾಕು, ಕಾರು ಹಾರಿ, ಗೋಡೆಗೆ ತಾಗಿ, ಪಲ್ಟಿ ಹೊಡೆದು ತಾನಾಗಿ ಗುರಿ ಮುಟ್ಟುತ್ತದೆ. ಒಂದೇ ಒತ್ತಿಗೆ ಪ್ರತಿ ಸಲವೂ ಒಂದೇ ಫಲ ಕೊಡುವ ಆಟದ ಭೌತಶಾಸ್ತ್ರದಿಂದಲೇ ಇದು ಸಾಧ್ಯ.

ಮುಂದೇನು

ಕಾರು ಜಿಗಿಯಬೇಕು, ಗಾಳಿಯಲ್ಲಿ ಮಗ್ಗುಲು ತಿರುಗಬೇಕು, ರೆಕ್ಕೆ ಬಿಚ್ಚಿ ಹಾರಬೇಕು ಎನ್ನುವವರಿಗೆ ರಿಫ್ರ್ಯಾಕ್ಟ್ ತಂಡದ ‘ಡಿಸ್ಟೆನ್ಸ್’ ಇದೆ. 2011ರಲ್ಲಿ ವಿದ್ಯಾರ್ಥಿಗಳು ಕಟ್ಟಿ ಉಚಿತವಾಗಿ ಬಿಟ್ಟ ‘ನೈಟ್ರಾನಿಕ್ ರಷ್’ ಅದರ ಪೂರ್ವಜ. ಡಿಸ್ಟೆನ್ಸ್ 2018ರಲ್ಲಿ ಪೂರ್ಣ ರೂಪದಲ್ಲಿ ಬಂತು, ಅದಕ್ಕೂ ಟ್ರ್ಯಾಕ್ ಎಡಿಟರ್ ಇದೆ, ಕಟ್ಟಿದ್ದನ್ನು ಸ್ಟೀಮ್ ವರ್ಕ್‌ಶಾಪ್ ಮೂಲಕ ಹಂಚಬಹುದು. ಇದು ಹಣ ಕೊಟ್ಟು ಕೊಳ್ಳುವ ಆಟ, ಸ್ಟೀಮ್ ಸೇಲ್ ಬರುವವರೆಗೆ ಕಾಯಿರಿ. ಇಲ್ಲಿ ರಸ್ತೆ ಮಾತ್ರವಲ್ಲ, ಗೋಡೆ ಮತ್ತು ಚಾವಣಿಯೂ ದಾರಿಯಾಗುತ್ತದೆ, ಆದ್ದರಿಂದ ಮುಂದಿನ ಸೆಕೆಂಡಿನ ನೋಟವನ್ನು ಎಲ್ಲ ದಿಕ್ಕಿಗೂ ಯೋಚಿಸಬೇಕು. ನೆಲ ಮುಟ್ಟದೆ ತೇಲುವ ಹಡಗುಗಳ ರೇಸ್ ಇಷ್ಟವಾದರೆ ‘ಬ್ಯಾಲಿಸ್ಟಿಕ್ ಎನ್‌ಜಿ’ ನೋಡಿ. ಅದರ ಟ್ರ್ಯಾಕ್ ಸಾಧನಗಳು ಯೂನಿಟಿ ಎಂಬ ಆಟ ತಯಾರಿಕೆಯ ತಂತ್ರಾಂಶವನ್ನು ಆಧರಿಸಿದ್ದು, ಕಲಿಕೆ ಕಡಿದಾಗಿದೆ. ಆಟ ತಯಾರಿಕೆಯನ್ನೇ ಮುಂದೆ ಕಲಿಯಬೇಕೆಂದಿರುವ ವಿದ್ಯಾರ್ಥಿಗಳಿಗೆ ಆ ಶ್ರಮ ವ್ಯರ್ಥವಾಗುವುದಿಲ್ಲ.

2020ರ ಟ್ರ್ಯಾಕ್‌ಮೇನಿಯಾಕ್ಕೆ ಹೋದರೆ ಮಂಜುಗಡ್ಡೆ, ಪ್ಲಾಸ್ಟಿಕ್‌ನಂಥ ಹೊಸ ನೆಲಗಳು, ಎಂಜಿನ್ ನಿಲ್ಲಿಸುವ, ಕಾರನ್ನು ನಿಧಾನಗತಿಗೆ ತರುವ ಬ್ಲಾಕ್‌ಗಳು ಸಿಗುತ್ತವೆ. ಚೆಕ್‌ಪಾಯಿಂಟ್‌ನಿಂದ ವೇಗ ಸಮೇತ ಮರಳುವ ವ್ಯವಸ್ಥೆಯೂ ಇದೆ, ಹಾಗಾಗಿ ಲೂಪ್‌ನ ಬುಡದ ಕಷ್ಟ ಅಲ್ಲಿ ಕಡಿಮೆ. ಮೂರು ತಿಂಗಳಿಗೊಮ್ಮೆ 25 ಹೊಸ ಅಧಿಕೃತ ಟ್ರ್ಯಾಕ್ ಬರುತ್ತವೆ. ಆಟಗಾರರು ಕಟ್ಟಿದ್ದರಲ್ಲಿ ಒಂದನ್ನು ದಿನಕ್ಕೊಂದರಂತೆ ‘ದಿನದ ಟ್ರ್ಯಾಕ್’ ಎಂದು ಆರಿಸಿ ಎಲ್ಲರ ಮುಂದಿಡುತ್ತಾರೆ, ಸಾಮಾನ್ಯವಾಗಿ ಒಂದು ನಿಮಿಷದೊಳಗಿನ ಟ್ರ್ಯಾಕ್‌ಗಳೇ ಆಯ್ಕೆಯಾಗುತ್ತವೆ. ಪ್ಯಾರಿಸ್‌ನ ಸಂಜೆ 7 ಗಂಟೆಗೆ ಅದು ಬದಲಾಗುತ್ತದೆ. ನಮ್ಮ ಗಡಿಯಾರದಲ್ಲಿ ಯುರೋಪಿನ ಬೇಸಿಗೆಯ ತಿಂಗಳುಗಳಲ್ಲಿ ರಾತ್ರಿ 10:30, ಚಳಿಗಾಲದಲ್ಲಿ 11:30.